ಮಂಜಿಗೆ ವಿಮಾನ ರದ್ದಾತು, ಈಗೇನ್ ಮಾಡೋದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಚಳಿಗಾಲ ಬಂತಂದ್ರ ಈ ಅಂಕಣಕ್ಕ ಬರೋ ಪತ್ರದಾಗ ಅರ್ಧಕ್ಕರ್ಧ ವಿಮಾನದ್ದ ಇರ್ತಾವ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಮಂದಿ ಈಗ ಕಾಶಿಗೂ ವಿಮಾನದಾಗ ಹೊಂಟಾರ, ಮಕ್ಕಳು ಹೊರದೇಶದಾಗ ಓದ್ಲಿಕ್ಕೆ ಹೋಗ್ಯಾರ, ಆದ್ರ ವಿಮಾನ ಕೈಕೊಟ್ಟಾಗ ಯಾರನ್ನ ಕೇಳ್ಬೇಕು ಏನ್ ಕೇಳ್ಬೇಕು ಅನ್ನೋದು ಯಾರೂ ಹೇಳಿಕೊಟ್ಟಿಲ್ಲ. ಈ ಸಲ ಪೂರಾ ಜಾಗ ಅದಕ್ಕ ಕೊಟ್ಟೀನಿ.

ಪ್ರಶ್ನೆ: ಅಣ್ಣಾರ, ನಮ್ಮ ಅತ್ತಿ-ಮಾವ, ನಾನು, ನಮ್ಮ ಮನಿಯವ್ರು ಕಾಶಿ, ಅಯೋಧ್ಯೆ ಮುಗಿಸ್ಕೊಂಡು ದಿಲ್ಲಿಗೆ ಬಂದು ಅಲ್ಲಿಂದ ರಾತ್ರಿ ಹತ್ತೂವರಿ ವಿಮಾನಕ್ಕ ಹೈದರಾಬಾದಿಗೆ ಬರೋದಿತ್ತು. ಮೊದ್ಲು ಒಂದು ತಾಸು ಲೇಟ್ ಅಂದ್ರು, ಆಮ್ಯಾಲ ಎರಡು, ಆಮ್ಯಾಲ ಮೂರು, ನಸುಕಿನ್ಯಾಗ ಕ್ಯಾನ್ಸಲ್ ಅಂತ ಮೆಸೇಜ್ ಬಂತು. ಮಾವನೋರಿಗೆ ಶುಗರ್ ಐತಿ, ಅವರ ಗುಳಿಗಿ ದೊಡ್ಡ ಬ್ಯಾಗಿನಾಗ ಒಳಗ ಹೋಗಿಬಿಟ್ಟಿದ್ವು, ಒಂದು ಬಿಸ್ಕೀಟ್ ಸೈತ ಯಾರೂ ಕೊಡ್ಲಿಲ್ಲ. ಕೌಂಟರಿನಾಗ ಕೇಳಿದ್ರ 'ವೆದರ್ ಮೇಡಂ, ನಮ್ದೇನೂ ಜವಾಬ್ದಾರಿ ಇಲ್ಲ' ಅಂದ್ರು. ಮೊಬೈಲಿಗೆ ಬಂದ ಲಿಂಕಿನಾಗ ರಿಫಂಡ್ ಒತ್ತಿ, ಮರುದಿನ ಮೂರು ಪಟ್ಟು ರೊಕ್ಕ ಕೊಟ್ಟು ಬ್ಯಾರೆ ವಿಮಾನದಾಗ ಬಂದ್ವಿ. ಟಿಕೆಟ್ ಊರಾಗಿನ ಏಜೆಂಟ್ ಕಡೆ ತಗೊಂಡಿದ್ವಿ, ಅಂವ 'ಕಂಪನಿ ಕೊಟ್ಟಾಗ ಕೊಡ್ತೀನಿ' ಅಂತಾನ. ನಮಗ ಏನರ ಬರ್ತೈತೇನ್ರಿ?
ಗಂಗಾವತಿಯ ಓದುಗರು

ಉತ್ತರ: ಬರ್ತೈತಿ ಅಕ್ಕಾರ. ಆ ಕೌಂಟರಿನವರು ಹೇಳಿದ ಮಾತಿನಾಗ ಅರ್ಧ ಖರೆ ಐತಿ, ಇನ್ನರ್ಧ ಮುಚ್ಚಿಟ್ಟಾರ. ಎಲ್ಲಾರೂ ಅಲ್ಲೇ ಸೋಲ್ತಾರ.

ಪರಿಹಾರ ಅನ್ನೋದು ಬ್ಯಾರೆ, ಊಟ-ನೀರು, ಬದಲಿ ವಿಮಾನ, ಟಿಕೆಟ್ ರೊಕ್ಕ ವಾಪಸ್ ಅನ್ನೋದು ಬ್ಯಾರೆ. ನಮ್ಮ ದೇಶದಾಗ ವಿಮಾನಯಾನಕ್ಕ ನಿಯಮ ಮಾಡೋದು ಡಿಜಿಸಿಎ. ಅದರ ನಿಯಮದ ಪ್ರಕಾರ ಕಂಪನಿ ತನ್ನ ತಪ್ಪಿನಿಂದ, ಮೊದ್ಲ ತಿಳಿಸದೆ ವಿಮಾನ ರದ್ದು ಮಾಡಿದ್ರ ಟಿಕೆಟ್ ರೊಕ್ಕದ ಜೋಡಿ ಪರಿಹಾರನೂ ಕೊಡ್ಬೇಕು: ಒಂದು ತಾಸಿನೊಳಗಿನ ಪ್ರಯಾಣಕ್ಕ 5,000, ಒಂದರಿಂದ ಎರಡು ತಾಸಿಗೆ 7,500, ಎರಡು ತಾಸಿನ ಮ್ಯಾಲಿದ್ರ 10,000 ರೂಪಾಯಿ, ಇಲ್ಲಾ ಒಂದು ಕಡೆಯ ಮೂಲ ದರ ಮತ್ತು ಇಂಧನದ ಚಾರ್ಜು ಸೇರಿಸಿ ಎಷ್ಟಾಗ್ತೈತೋ ಅಷ್ಟು, ಇವೆರಡ್ರಾಗ ಯಾವುದು ಕಡಿಮಿನೋ ಅದು. ಮಂಜು, ಬಿರುಗಾಳಿ, ಗಲಾಟೆ, ಏರ್ ಟ್ರಾಫಿಕ್ ಕಂಟ್ರೋಲಿನವರ ತಡೆ ಇಂಥಾ ಕಾರಣಕ್ಕ ರದ್ದಾದ್ರ ಈ ಪರಿಹಾರ ಇಲ್ಲ. ಅವರು ಹೇಳಿದ ಖರೆ ಅಷ್ಟ.

ಆದ್ರ ಮಂಜಿರಲಿ ಮಳೆ ಇರಲಿ, ರದ್ದಾದ ಮ್ಯಾಲ ಬದಲಿ ವಿಮಾನ ಬೇಕೋ ಪೂರ್ತಿ ರೊಕ್ಕ ಬೇಕೋ ಅಂತ ಆರಿಸೋದು ನಿಮ್ಮ ಹಕ್ಕು, ಕಂಪನಿದಲ್ಲ. ಏರ್‌ಪೋರ್ಟಿಗೆ ಬಂದು ಕುಂತವ್ರಿಗೆ ಬದಲಿ ವಿಮಾನ ಸಿಗೋತನಕ ಊಟ-ತಿಂಡಿ ಕೊಡ್ಬೇಕು. ಲೇಟಾದ್ರೂ, ಕಾರಣ ಮಂಜಿನಂಥಾದ್ದು ಅಲ್ಲದಿದ್ರ, ಎರಡೂವರಿ ತಾಸಿನೊಳಗಿನ ಪ್ರಯಾಣದ ವಿಮಾನ ಎರಡು ತಾಸಿನ ಮ್ಯಾಲ ತಡ ಆಗ್ತೈತಿ ಅಂತ ಗೊತ್ತಾದ ಕೂಡಲೆ ತಿಂಡಿ ಕೊಡ್ಬೇಕು ಅಂತ ನಿಯಮ ಐತಿ, ದಿಲ್ಲಿ-ಹೈದರಾಬಾದ್ ಇದ್ರಾಗ ಬರ್ತೈತಿ. ಮಾವನೋರು ಶುಗರ್ ಇಟ್ಕೊಂಡು ರಾತ್ರಿ ಪೂರಾ ಬರೇ ಹೊಟ್ಟೀಲೆ ಕುಂತಿದ್ದು ಓದಿ ನನಗ ಭಾಳ ಸಂಕಟ ಆತು, ಯಾಕಂದ್ರ ಅದು ಆಗಬಾರದಿತ್ತು, ತಡೀಬಹುದಿತ್ತು. ಅದು ಮಂಜಿನ ತಪ್ಪಲ್ಲ.

ಹೋಟೆಲ್ ವಿಷಯಕ್ಕ ಬಂದ್ರ, 24 ತಾಸಿನ ಮ್ಯಾಲ ತಡ ಆದ್ರ, ಇಲ್ಲಾ ರಾತ್ರಿ 8ರಿಂದ ನಸುಕಿನ 3ರೊಳಗ ಹೊರಡಬೇಕಾದ ವಿಮಾನ 6 ತಾಸಿನ ಮ್ಯಾಲ ತಡ ಆದ್ರ ರೂಮ್ ಕೊಡ್ಬೇಕು, ಹೋಗಿಬರೋ ಗಾಡಿ ಸೈತ. ಆದ್ರ ಮಂಜಿನ ದಿನ ಕಂಪನಿಯವ್ರು ಇದ್ರಾಗ ಭಾಳ ಜಗ್ಗಾಡ್ತಾರ, 'ಇದು ಅಸಾಧಾರಣ ಸಂದರ್ಭ' ಅಂತ ಕೈ ಎತ್ತತಾರ. ಅದಕ್ಕ ಬಾಯಿಮಾತಿಗೆ ಬಿಡಬ್ಯಾಡ್ರಿ. ಕೊಡೋದಿಲ್ಲ ಅಂದ್ರ ಇಮೇಲ್‌ನಾಗೋ ಅವರ ಆ್ಯಪಿನ ಚಾಟ್‌ನಾಗೋ ಕೇಳಿ ಉತ್ತರ ಉಳಿಸ್ಕೋರಿ. ಹೊಟ್ಟಿಗೆ, ವಸತಿಗೆ ನೀವ ಖರ್ಚು ಮಾಡಿದ್ರ ಬಿಲ್ ಒಂದೂ ಒಗೀಬ್ಯಾಡ್ರಿ.

ಇನ್ನು ಆ ರಿಫಂಡ್ ಲಿಂಕು. ಗಾಬರಿ ಒಳಗ ಎಲ್ಲಾರೂ ಮೊದ್ಲು ಒತ್ತೋದು ಅದನ್ನ. ರಿಫಂಡ್ ಒತ್ತಿದ್ರಿ ಅಂದ್ರ ಆ ಪ್ರಯಾಣದ ಜವಾಬ್ದಾರಿ ಕಂಪನಿ ತಲಿಮ್ಯಾಲಿಂದ ಇಳೀತು, ಮರುದಿನ ಮೂರು ಪಟ್ಟು ರೇಟಿಗೆ ಟಿಕೆಟ್ ಹುಡುಕೋದು ನಿಮ್ಮ ಪಾಲಿಗೆ ಬಂತು. ಅದ ಲಿಂಕಿನಾಗ 'ರೀಬುಕ್', ಇಲ್ಲಾ 'ಪ್ಲಾನ್ ಬಿ' ಅಂತ ಇನ್ನೊಂದು ಬಟನ್ ಇರ್ತೈತಿ, ಅದನ್ನ ಒತ್ತಿದ್ರ ಅವರ ಮುಂದಿನ ವಿಮಾನದಾಗ ಹೆಚ್ಚಿನ ರೊಕ್ಕ ಇಲ್ಲದೆ ಸೀಟು ಸಿಗ್ತೈತಿ, ಹೈದರಾಬಾದಿಗೆ ಇಲ್ಲಂದ್ರ ಬೆಂಗಳೂರಿಗೆ ಕೊಡ್ರಿ, ಹುಬ್ಬಳ್ಳಿಗೆ ಕೊಡ್ರಿ ಅಂತ ಕೇಳಿ ನೋಡಬಹುದು, ಗಂಗಾವತಿಯವ್ರಿಗೆ ಹುಬ್ಬಳ್ಳಿ ಏನ್ ದೂರಲ್ಲ. ಮುಂದ ಯಾರರ ಸಿಕ್ಕಿಬಿದ್ರ ಬದಲಿ ಸೀಟು ಖಾತ್ರಿ ಆಗೋತನಕ ರಿಫಂಡ್ ಮುಟ್ಟಬ್ಯಾಡ್ರಿ.

ಈಗ ನೀವು ಮಾಡ್ಬೇಕಾದ್ದು. ಟಿಕೆಟ್ ರೊಕ್ಕ ಪೂರ್ತಿ ಬರ್ಬೇಕು, ಕ್ಯಾನ್ಸಲೇಶನ್ ಚಾರ್ಜ್ ಅಂತ ಒಂದು ಪೈಸಾನೂ ಹಿಡಿಯಂಗಿಲ್ಲ. ಏಜೆಂಟ್ ಮೂಲಕ ತಗೊಂಡಿದ್ರೂ ರೊಕ್ಕ ವಾಪಸ್ ಕೊಡಿಸೋ ಹೊಣಿ ವಿಮಾನ ಕಂಪನಿದ, ಯಾಕಂದ್ರ ಏಜೆಂಟ್ ಅವರ ಪ್ರತಿನಿಧಿ. ಅದಕ್ಕ ನಿಮ್ಮ ಏಜೆಂಟ್ ಜೋಡಿ ಜಗಳ ಬ್ಯಾಡ, ಅಂವಾ ನಿಮ್ಮೂರವ, ನಾಳೆ ಮತ್ತ ಬೇಕಾಗ್ತಾನ. ಅವನ ಕಡೆಯಿಂದ ಪಿಎನ್ಆರ್ ನಂಬರು, ರೊಕ್ಕ ಕಟ್ಟಿದ ರಸೀದಿ ಇಸ್ಕೊಂಡು ನೇರ ಕಂಪನಿಗೆ ಬರೀರಿ. 'ಕ್ರೆಡಿಟ್ ಶೆಲ್‌ನಾಗ ಇಡ್ತೀವಿ, ಮುಂದಿನ ಪ್ರಯಾಣಕ್ಕ ವಾಪರಸ್ರಿ' ಅಂದ್ರ ಒಪ್ಪಬೇಕು ಅಂತಿಲ್ಲ, ಅದು ನಿಮ್ಮ ಇಷ್ಟಕ್ಕ ಬಿಟ್ಟಿದ್ದು.

ಕಂಪನಿ ಸುಮ್ಮನಾದ್ರ ಕೇಂದ್ರ ಸರ್ಕಾರದ ಏರ್‌ಸೇವಾ ಆ್ಯಪಿನಾಗ ದೂರು ಹಾಕ್ರಿ, 1915ಕ್ಕ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿನಾಗೂ ದಾಖಲ್ ಮಾಡ್ರಿ. ಅಷ್ಟಕ್ಕೂ ಬಗ್ಗಲಿಲ್ಲಂದ್ರ ಗ್ರಾಹಕರ ಆಯೋಗ ಐತಿ. 'ಕಂಪನಿ ದಿಲ್ಲಿ ಕಡೆದು, ಅಲ್ಲಿಗೆ ಯಾರ್ ಅಡ್ಡಾಡ್ಬೇಕು' ಅಂತ ಕೈಬಿಡೋರು ಭಾಳ ಮಂದಿ, ಆದ್ರ 2019ರ ಗ್ರಾಹಕ ಸಂರಕ್ಷಣಾ ಕಾಯ್ದಿ ಪ್ರಕಾರ ನೀವು ಇರೋ ಜಿಲ್ಲಾದಾಗ ಕೇಸ್ ಹಾಕಬಹುದು, ನಿಮಗ ಅಂದ್ರ ಕೊಪ್ಪಳದಾಗ. ಘಟನೆ ಆಗಿ ಎರಡು ವರ್ಷದೊಳಗ ಹಾಕ್ಬೇಕು, 5 ಲಕ್ಷದೊಳಗಿನ ವ್ಯವಹಾರಕ್ಕ ಫೀಸ್ ಇಲ್ಲ, ಇ-ಜಾಗೃತಿ ಪೋರ್ಟಲ್‌ನಾಗ ಮನ್ಯಾಗ ಕುಂತು ಸೈತ ಸಲ್ಲಿಸಬಹುದು. ಊಟ ಕೊಡದಿದ್ದಕ್ಕ ಅಲ್ಲಿ ಗಟ್ಟಿಯಾಗಿ ಕೇಳ್ರಿ. ಮೂರು ಪಟ್ಟು ಟಿಕೆಟ್ಟಿನ ವ್ಯತ್ಯಾಸನೂ ಕೇಳ್ರಿ, ಆದ್ರ ನೀವ ರಿಫಂಡ್ ಒತ್ತಿದ್ದರಿಂದ ಅದು ಸಿಗೋದು ಸ್ವಲ್ಪ ಕಷ್ಟ ಐತಿ, ಬದಲಿ ವಿಮಾನದ ಮಾತನ್ನ ಅವರು ಎತ್ತಲಿಲ್ಲ ಅಂತ ತೋರಿಸಾಕ ಆದ್ರ ಮಾತ್ರ ಬಲ ಬರ್ತೈತಿ. ಬಂದ ಮೆಸೇಜ್ ಎಲ್ಲಾ ಸ್ಕ್ರೀನ್‌ಶಾಟ್ ತಗದು ಇಡ್ರಿ.

ಗುಳಿಗಿ ಮಾತ್ರ ಇನ್ನು ಮುಂದ ಕೈಚೀಲದಾಗ ಇರ್ಲಿ, ಎರಡು ದಿನಕ್ಕ ಹೆಚ್ಚಿಗಿನ ಇರ್ಲಿ. ಇನ್ಸುಲಿನ್ ಇದ್ರ ಡಾಕ್ಟರ್ ಚೀಟಿ ಜೋಡಿ ಇಟ್ಕೋರಿ. ಎರಡು ಜ್ವಾಳದ ಕಟಿ ರೊಟ್ಟಿ ಕಟ್ಕೊಂಡು ಹೋಗಾಕ ಯಾವ ಸೆಕ್ಯುರಿಟಿಯವ್ರೂ ಬ್ಯಾಡ ಅನ್ನಂಗಿಲ್ಲ.

ಪ್ರಶ್ನೆ: ಸರ್, ನಾನು ಹತ್ತಿ ವ್ಯಾಪಾರದ ಸಲುವಾಗಿ ಹೈದರಾಬಾದಿನಿಂದ ಉತ್ತರದ ಕಡೆ ಅಡ್ಡಾಡ್ತೀನಿ. ದಿಲ್ಲಿಯಾಗ ಮಂಜಿನಾಗೂ ಇಳಿಸೋ ಕೋಟಿಗಟ್ಟಲೆ ಮಷೀನ್ ಅದ ಅಂತಾರ, ಹಂಗಿದ್ರೂ ಯಾಕ ರದ್ದು ಮಾಡ್ತಾರ? ಇನ್ನೊಂದು, ಹೈದರಾಬಾದಿನಾಗ ಛಲೋ ಬಿಸಲು ಬಿದ್ದಿತ್ತು, ನಾನು ಹೋಗೋದು ಪುಣೆಗೆ, ಅಲ್ಲೂ ಬಿಸಲು, ಆದ್ರೂ ಮಂಜಿನ ಕಾರಣ ಅಂದ್ರು. ಇದು ಸುಳ್ಳಲ್ಲೇನು?
ರಾಯಚೂರಿನ ವ್ಯಾಪಾರಿ

ಉತ್ತರ: ಸುಳ್ಳಿರಬಹುದು, ಖರೆನೂ ಇರಬಹುದು ಯಜಮಾನ್ರ, ಅದನ್ನ ನೋಡೋ ದಾರಿ ಹೇಳ್ತೀನಿ.

ಮೊದ್ಲು ಮಂಜಿನ ಕಥಿ. ಡಿಸೆಂಬರ್ ನಡುವಿನಿಂದ ಗಂಗಾ ಬಯಲು ಪೂರಾ, ಪಂಜಾಬಿನಿಂದ ಬಿಹಾರ್ ತನಕ, ರಾತ್ರಿ ಆಕಾಶ ತಿಳಿ ಇದ್ದು ಗಾಳಿ ನಿಂತ್ರ ನೆಲ ಲಗೂನ ತಣ್ಣಗಾಗ್ತೈತಿ, ನೆಲಕ್ಕ ತಾಗಿದ ಹಸಿ ಗಾಳಿ ಅಲ್ಲೇ ಹನಿ ಆಗಿ ನಿಂತುಬಿಡ್ತೈತಿ. ಪಶ್ಚಿಮದ ಕಡೆಯಿಂದ ಬರೋ ಚಳಿಗಾಲದ ಮಳಿ ಬಂದುಹೋಗಿ ನೆಲ ತೊಯ್ದಿದ್ರ ಇನ್ನೂ ದಟ್ಟ. ಅದರ ಮ್ಯಾಲ ಬೆಚ್ಚನ ಗಾಳಿ ಒಂದು ಮುಚ್ಚಳ ಹಾಕ್ದಂಗ ಕುಂತು ಹೊಗಿ, ಧೂಳು ಎಲ್ಲಾ ಕೆಳಗ ಹಿಡಿದಿಡ್ತೈತಿ. ಸೂರ್ಯ ಏರೋತನಕ, ಕೆಲವು ದಿನ ಮಧ್ಯಾಹ್ನದ ತನಕ, ಕರಗಂಗಿಲ್ಲ. ಸರ್ಕಾರದ ಲೆಕ್ಕದಾಗ ಡಿಸೆಂಬರ್ 10ರಿಂದ ಫೆಬ್ರವರಿ 10ರ ತನಕ ಮಂಜಿನ ಕಾಲ.

ನೀವಂದ ಮಷೀನಿಗೆ ಕ್ಯಾಟ್ 3 ಅಂತಾರ. ಸಾದಾ ವ್ಯವಸ್ಥೆ ಒಳಗ ರನ್‌ವೇ 550 ಮೀಟರ್ ಕಾಣಬೇಕು, ಕ್ಯಾಟ್ 3-ಬಿ ಇದ್ರ 50 ಮೀಟರ್ ಕಂಡ್ರೂ ಇಳಿಸಬಹುದು. ದಿಲ್ಲಿಯಾಗೂ ಐತಿ, ಬೆಂಗಳೂರಿನ ದಕ್ಷಿಣ ರನ್‌ವೇಗೂ ಐತಿ. ಆದ್ರ ರನ್‌ವೇಗೆ ಇದ್ರ ಸಾಲಂಗಿಲ್ಲ, ಆ ವಿಮಾನದಾಗೂ ಯಂತ್ರ ಇರ್ಬೇಕು, ಪೈಲಟ್ಟರಿಬ್ಬರಿಗೂ ಅದರ ಟ್ರೇನಿಂಗ್ ಆಗಿರ್ಬೇಕು. ಮಂದಿಗೆ ಗೊತ್ತಿರದ ಇನ್ನೊಂದು ಮಾತು ಏನಂದ್ರ 50 ಮೀಟರ್‌ನಾಗ ಇಳಿದ ವಿಮಾನ ಅದ 50 ಮೀಟರ್‌ನಾಗ ಏರಂಗಿಲ್ಲ, ಏರಾಕ ಸುಮಾರು 125 ಮೀಟರ್ ಕಾಣಬೇಕು. ಮತ್ತ ಮಂಜಿನಾಗ ಒಂದರ ಹಿಂದ ಒಂದು ಬರೋ ವಿಮಾನದ ನಡುವ ಅಂತರ ಹೆಚ್ಚಿಗಿ ಇಡ್ತಾರ, ಹಂಗಾಗಿ ತಾಸಿಗೆ ಇಳಿಯೋ ವಿಮಾನದ ಸಂಖ್ಯೆನ ಇಳೀತೈತಿ, ಹಿಂದಿನವು ಸಾಲಾಗಿ ಲೇಟ್ ಆಗ್ತಾವ. 2024ರ ಜನವರಿ 14ಕ್ಕ ದಿಲ್ಲಿಯಾಗ ಇದ ಕಾರಣಕ್ಕ ದೊಡ್ಡ ಗೊಂದಲ ಆಗಿ, ಮರುದಿನನ ಡಿಜಿಸಿಎ ಹೊಸ ಸೂಚನಾ ಹೊಂಡಿಸ್ತು, ಮೂರು ತಾಸಿನ ಮ್ಯಾಲ ತಡ ಆಗೋ ಲಕ್ಷಣ ಇದ್ರ ಮೊದ್ಲ ರದ್ದು ಮಾಡಬಹುದು ಅಂತ. ಮಂದಿನ್ನ ರಾತ್ರಿಯೆಲ್ಲಾ ಕುಂದ್ರಿಸಿ ಕೊನಿಗೆ ಇಲ್ಲ ಅನ್ನೋಕಿಂತ ಅದು ವಾಸಿ ಅಂತ ನನಗನಿಸ್ತೈತಿ.

ಇನ್ನು ಬಿಸಲಿನ ಊರಿಂದ ಬಿಸಲಿನ ಊರಿಗೆ. ಲಿಂಗಸುಗೂರಿನಿಂದ ಬರೋ ಬಸ್ ಕೆಟ್ಟು ನಿಂತ್ರ ರಾಯಚೂರಿನಿಂದ ಮಂತ್ರಾಲಯಕ್ಕ ಹೋಗೋ ಟ್ರಿಪ್ಪೂ ತಪ್ಪತೈತಲ್ರಿ, ಹಂಗ. ನಿಮ್ಮ ವಿಮಾನ ಹೈದರಾಬಾದಿನಾಗ ಹುಟ್ಟಿದ್ದಲ್ಲ, ಬೆಳಿಗ್ಗೆ ಲಖನೌದಾಗೋ ಅಮೃತಸರದಾಗೋ ಮಂಜಿನಾಗ ನಿಂತಿರ್ತೈತಿ. ಫ್ಲೈಟ್‌ರಾಡಾರ್24 ಅಂತ ಆ್ಯಪ್ ಐತಿ, ಅದ್ರಾಗ ನಿಮ್ಮ ವಿಮಾನದ ನಂಬರ್ ಹಾಕಿ ಎಲ್ಲಿಂದ ಬರಾಕತ್ತೈತಿ ನೋಡ್ರಿ. ಅದು ಮಂಜಿನ ಊರಾಗ ನಿಂತಿದ್ರ ಅವರು ಹೇಳಿದ್ದು ಖರೆ. ಮುಂಜಾನಿಂದ ಮುಂಬೈ, ಚೆನ್ನೈ ಅಂತ ಬಿಸಲಿನಾಗ ಅಡ್ಡಾಡಿದ್ರ ಕಾರಣ ಬ್ಯಾರೆ ಏನೋ ಐತಿ, ಅದರ ಸ್ಕ್ರೀನ್‌ಶಾಟ್ ಹಿಡ್ಕೊಂಡು ಪರಿಹಾರ ಕೇಳ್ರಿ. ಪೈಲಟ್ಟಿನ ಡ್ಯೂಟಿ ತಾಸು ಮುಗಿದ್ರೂ ವಿಮಾನ ನಿಲ್ತೈತಿ, ನಿದ್ದಿಗೆಟ್ಟ ಪೈಲಟ್ ವಿಮಾನ ಏರ್ಸಬಾರ್ದು, ಅದ್ರಾಗ ನಾವು ತಕರಾರು ತಗಿಯಂಗಿಲ್ಲ, ಆದ್ರ ಬದಲಿ ಸಿಬ್ಬಂದಿ ಇಟ್ಕೊಳ್ಳದಿದ್ದುದು ಕಂಪನಿಯ ಹೊಣಿ.

ಪ್ರತಿಸಲ ಮಂಜ ಕಾರಣ ಅಲ್ಲ ಅನ್ನೋದಕ್ಕ 2025ರ ಡಿಸೆಂಬರ್ ಮೊದಲ ವಾರ ನೆನಪಿರಲಿ. ಪೈಲಟ್ಟರ ವಿಶ್ರಾಂತಿ ಬಗ್ಗೆ ಹೊಸ ನಿಯಮ ಜಾರಿ ಆಗಿತ್ತು, ಅದಕ್ಕ ತಕ್ಕಷ್ಟು ಮಂದಿ ಹೊಂದಿಸಿರಲಿಲ್ಲ, ದೇಶದ ತುಂಬ ಸಾವಿರಗಟ್ಟಲೆ ವಿಮಾನ ರದ್ದಾದ್ವು. ಉಳಿದ ವಿಮಾನದ ಟಿಕೆಟ್ ರೇಟ್ ಆಕಾಶಕ್ಕ ಏರಿದಾಗ ಕೇಂದ್ರ ಸರ್ಕಾರ ಮಿತಿ ಹಾಕ್ತು, 500 ಕಿಲೋಮೀಟರ್ ತನಕ 7,500 ರೂಪಾಯಿ, 1,000ದಿಂದ 1,500 ಕಿಲೋಮೀಟರಿಗೆ 15,000. ಮಂಜಿನ ವಾರಗಳಾಗೂ ಹಿಂಗ ಮಿತಿ ಹಾಕಿದ್ರ ಗಂಗಾವತಿಯ ಅಕ್ಕಾರಂಥವ್ರು ಮೂರು ಪಟ್ಟು ಕೊಡೋದು ತಪ್ಪತಿತ್ತು. ಹಾಕಬೇಕು ಅಂತ ನಾ ಹೇಳ್ತೀನಿ.

ಪ್ರಶ್ನೆ: ನಮ್ಮ ಮಗ ಜರ್ಮನಿಯ ಮ್ಯೂನಿಕ್‌ನಾಗ ಎಂಎಸ್ ಓದ್ತಾನ. ಸಂಕ್ರಾಂತಿಗೆ ಬರೋದಿತ್ತು, ಹಿಮ ಬಿದ್ದು ವಿಮಾನ ರದ್ದು. ಗಲ್ಫ್ ದೇಶದ ಕಂಪನಿ ವಿಮಾನ, ಹಂಗಾಗಿ ಯುರೋಪಿನ ಕಾನೂನು ನಮಗ ಹತ್ತಂಗಿಲ್ಲ ಅಂತ ಅವನ ಗೆಳೆಯರು ಹೇಳ್ಯಾರಂತ. ಹೌದೇನ್ರಿ? ಒಂದು ಹಿಮಕ್ಕ ಅಷ್ಟು ದೊಡ್ಡ ದೇಶದವ್ರು ಯಾಕ ಹಿಂಗ ಕೈಚೆಲ್ಲತಾರ?
ಬಳ್ಳಾರಿಯ ತಾಯಿ

ಉತ್ತರ: ಅಮ್ಮಾರ, ಗೆಳೆಯರು ಹೇಳಿದ್ದು ತಪ್ಪು. ಯುರೋಪಿಯನ್ ಒಕ್ಕೂಟದ 261ನೇ ನಿಯಮ ಅಂತ ಐತಿ, 2004ರದ್ದು. ಒಕ್ಕೂಟದ ಏರ್‌ಪೋರ್ಟಿನಿಂದ ಹೊರಡೋ ವಿಮಾನ ಯಾವ ದೇಶದ ಕಂಪನಿದಾದ್ರೂ ಅದಕ್ಕ ಹತ್ತತೈತಿ. ಕಂಪನಿ ತಪ್ಪಿದ್ರ 3,500 ಕಿಲೋಮೀಟರ್ ಮ್ಯಾಲಿನ ಪ್ರಯಾಣಕ್ಕ 600 ಯೂರೋ ಪರಿಹಾರ. ಹಿಮಕ್ಕ ರದ್ದಾದ್ರ ಆ 600 ಸಿಗಂಗಿಲ್ಲ, ಆದ್ರ ಊಟ, ಹೋಟೆಲ್, ಏರ್‌ಪೋರ್ಟಿನಿಂದ ಹೋಟೆಲಿಗೆ ಗಾಡಿ, ಇವು ಹಿಮ ಇದ್ರೂ ಕೊಡ್ಲೇಬೇಕು, ಅಲ್ಲಿ ಇದ್ರಾಗ ಜಗ್ಗಾಟಕ್ಕ ಜಾಗ ಇಲ್ಲ. ಬದಲಿ ವಿಮಾನನೂ ಸಾಧ್ಯ ಆದಷ್ಟು ಲಗೂ ಕೊಡ್ಬೇಕು. ಅವರು ಕೊಡದಿದ್ರ ಮಗ ತಾನ ಹದವಾದ ರೇಟಿನ ರೂಮ್ ಹಿಡಿದು ಬಿಲ್ ಕಳಿಸಬಹುದು. ಅವನ ಕಡೆ ಅಲ್ಲಿ ಇರೋ ಪರ್ಮಿಟ್ ಐತಿ, ಹೊರಗ ಬಂದು ಹೋಟೆಲಿಗೆ ಹೋಗಬಹುದು. ಅಮೆರಿಕಾದಿಂದ ಬಂದು ಫ್ರಾಂಕ್‌ಫರ್ಟ್‌ನಾಗ ವಿಮಾನ ಬದಲಿಸೋ ನಮ್ಮ ಹುಡುಗರಿಗೆ ಕಷ್ಟ, ಷೆಂಗೆನ್ ವೀಸಾ (ಯುರೋಪಿನ ಭಾಳ ದೇಶಗಳಿಗೆ ಒಂದ ವೀಸಾ) ಇಲ್ಲದವ್ರನ್ನ ಹೊರಗ ಬಿಡಂಗಿಲ್ಲ, ಒಳಗ ಮಡಚೋ ಮಂಚದ ಮ್ಯಾಲ ರಾತ್ರಿ ಕಳೀಬೇಕಾಗ್ತೈತಿ. ಚಳಿಗಾಲದಾಗ ಬರೋರು ಆದ್ರ ನೇರ ವಿಮಾನ, ಇಲ್ಲಾ ಗಲ್ಫ್ ಕಡೆಯಿಂದ ಬರೋದು ಛಲೋ, ಅಲ್ಲಿ ಹಿಮ ಅಂತೂ ಇಲ್ಲ.

ಕೈಚೆಲ್ಲತಾರ ಅಂದ್ರಿ, ಹಂಗಲ್ಲಮ್ಮಾರ. ರೆಕ್ಕಿ ಮ್ಯಾಲ ತೆಳ್ಳನ ಬರ್ಫ್ ಕುಂತ್ರೂ ವಿಮಾನ ಎತ್ತೋ ಬಲ ಕಡಿಮಿ ಆಗ್ತೈತಿ, ಅದಕ್ಕ ಹಾರೋ ಮೊದ್ಲು ಗ್ಲೈಕಾಲ್ ಬೆರೆಸಿದ ಬಿಸಿ ದ್ರವ ಹೊಡೀತಾರ. ಅದರ ಶಕ್ತಿ ಇರೋದು ಸ್ವಲ್ಪ ಹೊತ್ತು, ಅಷ್ಟರಾಗ ಏರದಿದ್ರ ಮತ್ತ ಹೊಡೀಬೇಕು. 2023ರ ಡಿಸೆಂಬರ್ 2ಕ್ಕ ಅದ ಮ್ಯೂನಿಕ್ ಏರ್‌ಪೋರ್ಟ್ ಹಿಮಕ್ಕ ಪೂರ್ತಿ ಬಂದ್ ಆಗಿತ್ತು. ಮಗನ್ನ ಅಲ್ಲಿ ತಡೆದದ್ದು ಅವನ ಜೀವದ ಸಲುವಾಗಿ ಅಂತ ತಿಳ್ಕೋರಿ, ಸಂಕ್ರಾಂತಿ ಎಳ್ಳುಬೆಲ್ಲ ಎರಡು ದಿನ ತಡ ಆಗಿ ತಿಂದ್ರೂ ನಡೀತೈತಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಟಿಕೆಟ್, ಬೆಂಗಳೂರಿನಿಂದ ದಿಲ್ಲಿಗೆ ಬ್ಯಾರೆ ಕಂಪನಿ ಟಿಕೆಟ್ ಮಾಡಿದ್ದೆ. ಮೊದಲನೇದು ಮಂಜಿಗೆ ಲೇಟಾಗಿ ಎರಡನೇದು ತಪ್ಪಿತು. 'ನೋ ಶೋ' ಅಂತ ಒಂದು ರೂಪಾಯಿ ಕೊಡ್ಲಿಲ್ಲ.
ಕುಷ್ಟಗಿಯ ಓದುಗರು

ಉತ್ತರ: ಬ್ಯಾರೆ ಬ್ಯಾರೆ ಪಿಎನ್ಆರ್ ಇದ್ರ ಒಬ್ಬರ ತಡಕ್ಕ ಇನ್ನೊಬ್ಬರು ಜವಾಬ್ದಾರರಲ್ಲ, ಕಾನೂನು ಹಂಗ ಐತಿ. ಆದ್ರ ಒಂದು ರೂಪಾಯಿನೂ ಇಲ್ಲ ಅನ್ನೋದು ತಪ್ಪು. ನೀವು ಹತ್ತದಿದ್ರೂ ಟಿಕೆಟ್ಟಿನಾಗಿನ ಸರ್ಕಾರಿ ತೆರಿಗಿ, ಏರ್‌ಪೋರ್ಟಿನ ಯೂಸರ್ ಡೆವಲಪ್‌ಮೆಂಟ್ ಫೀ ವಾಪಸ್ ಕೊಡ್ಬೇಕು ಅಂತ ಡಿಜಿಸಿಎ ನಿಯಮ ಐತಿ, 'ನಾನ್ ರಿಫಂಡಬಲ್' ಟಿಕೆಟ್ಟಿಗೂ. ಕೇಳಿದವ್ರಿಗೆ ಕೊಡ್ತಾರ, ಕೇಳದವ್ರದು ಅಲ್ಲೇ ಉಳೀತೈತಿ. ಬರೆದು ಕೇಳ್ರಿ. ಇನ್ನೊಮ್ಮೆ ಒಂದ ಪಿಎನ್ಆರ್‌ನಾಗ ಎರಡೂ ತಗೋರಿ, ಆಗ ಮೊದಲನೇದು ತಪ್ಪಿಸಿದವ್ರ ನಿಮ್ಮನ್ನ ದಿಲ್ಲಿ ಮುಟ್ಟಿಸ್ಬೇಕು. ಇಲ್ಲಾ ಕೊಪ್ಪಳದಾಗ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಮಧ್ಯಾಹ್ನದ ವಿಮಾನ ಹಿಡೀರಿ, ಚಳಿಗಾಲದಾಗ ದೇವನಹಳ್ಳಿ ಕಡೆ ಮಂಜು ಬೀಳೋದು ನಸುಕಿನಿಂದ ಎಂಟು ಗಂಟಿ ತನಕ, ಮಧ್ಯಾಹ್ನದವು ಅಷ್ಟು ತಪ್ಪಂಗಿಲ್ಲ.

ಪ್ರಶ್ನೆ: ನಮ್ಮ ತಮ್ಮ ಮಿಲಿಟರಿಯಾಗ ಇದ್ದಾನ, ಜನವರಿಯಾಗ ತಂಗಿ ಮದಿವಿಗೆ ದಿಲ್ಲಿಯಿಂದ ಬರ್ಬೇಕು. ವಿಮಾನ ಬಿಟ್ಟು ಟ್ರೇನಿಗೆ ಬಾ ಅಂತ ಹೇಳಬೇಕೇನ್ರಿ?
ಮಾನ್ವಿಯ ಓದುಗರು

ಉತ್ತರ: ರಜಾ ನಾಲ್ಕೈದು ದಿನ ಹೆಚ್ಚಿಗಿದ್ರ ಟ್ರೇನೇ ಛಲೋ. ಕರ್ನಾಟಕ ಎಕ್ಸ್‌ಪ್ರೆಸ್ ದಿಲ್ಲಿಯಿಂದ ನೇರ ರಾಯಚೂರಿಗೆ ಬರ್ತದ, ಅಲ್ಲಿಂದ ಮಾನ್ವಿಗೆ ಬಸ್ಸಿಗೇನ್ ಕೊರತಿ ಇಲ್ಲ. ಮಂಜಿಗೆ ಟ್ರೇನೂ ಲೇಟ್ ಆಗ್ತಾವ, ಆಗ್ರಾ, ಝಾನ್ಸಿ ದಾಟೋತನಕ ನಿಧಾನ ಬರ್ತಾವ, ಆದ್ರ ವಿಮಾನದಂಗ ಒಮ್ಮಿಂದೊಮ್ಮೆಲೆ ಇಲ್ಲ ಅನ್ನೋದು ಕಡಿಮಿ. ಹೊರಡೋ ಸ್ಟೇಷನ್ನಿನಾಗ ಮೂರು ತಾಸಿನ ಮ್ಯಾಲ ಲೇಟ್ ಇದ್ದು ಅಂವ ಹತ್ತದಿದ್ರ ಟ್ರೇನ್ ಬಿಡೋ ಮೊದ್ಲು ಟಿಡಿಆರ್ (ರೊಕ್ಕ ವಾಪಸ್ ಕೇಳೋ ಅರ್ಜಿ) ಹಾಕಿದ್ರ ಪೂರ್ತಿ ರೊಕ್ಕ ವಾಪಸ್ ಬರ್ತೈತಿ. ತತ್ಕಾಲ್ ನಂಬಿ ಕುಂದ್ರಬ್ಯಾಡ್ರಿ, ಈಗಿಂದನ ಕನ್ಫರ್ಮ್ ಟಿಕೆಟ್ ಮಾಡ್ಸಿ ಇಡ್ರಿ. ವಿಮಾನಕ್ಕ ಬರೋದಾದ್ರ ಬೆಳಗಿನದು ಬ್ಯಾಡ, ಮಧ್ಯಾಹ್ನ ಎರಡರ ಆಸುಪಾಸಿಂದು ತಗೋಳಾಕ ಹೇಳ್ರಿ, ಅರಿಶಿನ ಹಚ್ಚೋ ದಿನಕ್ಕಿಂತ ಎರಡು ದಿನ ಮೊದ್ಲ ಹೈದರಾಬಾದಿನಾಗ ಇಳೀಲಿ.